1,450 ಅಡಿ ಕೊರೆದು ನೋಡಿದ ಮೇಲೆ ಮಗಳು ಕೇಳಿದ ಪ್ರಶ್ನೆ: ಭೂಮಿಯ ಒಳಗನ್ನು ಯಾರು ಹೋಗಿ ನೋಡಿದರು?

ಮುಳಬಾಗಿಲು ರಾಗಿ · ಭಾನುವಾರ, ಬೆಳಿಗ್ಗೆ 7.40

ಎಲ್ಲರಿಗೂ ನಮಸ್ಕಾರ. ಮುಳಬಾಗಿಲು ತಾಲ್ಲೂಕಿನ ನಮ್ಮ ಹೊಲದಲ್ಲಿ ಕಳೆದ ವಾರ ಮೂರನೆಯ ಕೊಳವೆಬಾವಿ ಕೊರೆಸಿದೆವು. ಸಂಜೆ ರಿಗ್ ಲಾರಿ ಬಂದು ನಿಂತಿತು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ 1,450 ಅಡಿ ಮುಟ್ಟಿತ್ತು. ಮೊದಲ ಅರವತ್ತು ಅಡಿ ಕೆಮ್ಮಣ್ಣು, ಮೊರಂ. ಅಲ್ಲಿಯವರೆಗೆ ಕೇಸಿಂಗ್ ಪೈಪು ಇಳಿಸಿದರು. ಆಮೇಲೆ ಬರೀ ಬೂದುಬಣ್ಣದ ಕಲ್ಲುಪುಡಿ. 900 ಅಡಿಯ ಹತ್ತಿರ ಕಪ್ಪು ಪುಡಿ ಬಂತು, ಸ್ವಲ್ಪ ಹಸಿಯೂ ತೋರಿತು. ಎಲ್ಲರೂ ಎದ್ದು ನಿಂತೆವು. ಮತ್ತೆ ಬೂದು. ನೀರು ಬರಲಿಲ್ಲ. ಖರ್ಚಿನ ಮಾತು ಬೇಡ, ಕೊರೆಸಿದವರಿಗೆಲ್ಲ ಗೊತ್ತಿರುವುದೇ.

ನನ್ನ ಮಗಳು ಎಂಟನೆಯ ತರಗತಿ. ರಾತ್ರಿಯಿಡೀ ಮಲಗದೆ, ಪುಡಿಯ ಬಣ್ಣ ಬದಲಾದಾಗಲೆಲ್ಲ ಒಂದು ಹಿಡಿ ತಂದು ಡಬ್ಬಿಗೆ ತುಂಬಿಕೊಂಡಳು. ಕೊನೆಗೆ ಬಂದ ಪುಡಿಯನ್ನು ಅಂಗೈಯಲ್ಲಿ ಹಿಡಿದು, "ಅಮ್ಮ, ಬಿಸಿಯಾಗಿದೆ, ಲಾವಾ ಹತ್ತಿರ ಬಂತೇ?" ಎಂದಳು. ಮನೆಗೆ ಬಂದ ಮೇಲೆ ಇನ್ನೊಂದು ಕೇಳಿದಳು: "ನಮ್ಮ ಹೊಲದಲ್ಲಿ ನೀರಿದೆಯೋ ಇಲ್ಲವೋ ಎನ್ನುವುದೇ ಕೊರೆಯುವವರೆಗೆ ಯಾರಿಗೂ ತಿಳಿಯಲಿಲ್ಲ. ಪುಸ್ತಕದಲ್ಲಿ ಮಾತ್ರ 6,371 ಕಿ.ಮೀ. ಕೆಳಗೆ ಕಬ್ಬಿಣ, ನಿಕ್ಕಲ್ ಇದೆ ಎಂದು ಬರೆದಿದ್ದಾರೆ. ಅದನ್ನು ಯಾರು ಹೋಗಿ ನೋಡಿದರು?"

ನನ್ನ ಬಳಿ ಉತ್ತರವಿರಲಿಲ್ಲ. ತಿಳಿದವರು ಹೇಳಿ. ಅವಳು ಪಕ್ಕದಲ್ಲೇ ಕುಳಿತು ಓದುತ್ತಾಳೆ.

ಗುಡಿಬಂಡೆ · ಬೆಳಿಗ್ಗೆ 7.58

ಈ ಪ್ರಶ್ನೆಯನ್ನು ನಾನೂ ಆ ವಯಸ್ಸಿನಲ್ಲಿ ಕೇಳಿದ್ದೆ. "ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂಬ ಉತ್ತರ ಸಿಕ್ಕಿತ್ತು. ಇಲ್ಲಿ ಹಾಗಾಗದಿರಲಿ.

ಚಾಂಪಿಯನ್ ರೀಫ್ಸ್ ಮನೆ · ಬೆಳಿಗ್ಗೆ 8.15

ನಮ್ಮ ತಂದೆ ಇಪ್ಪತ್ತಮೂರು ವರ್ಷ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳ, ಅಂದರೆ ನಿಮ್ಮ ಕೊಳವೆಬಾವಿಯ ಏಳು ಪಟ್ಟಿಗಿಂತ ಹೆಚ್ಚು. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ತಂಪು ಗಾಳಿ ಊದದೆ ಮನುಷ್ಯ ನಿಲ್ಲುವಂತಿರಲಿಲ್ಲ. ಗೋಡೆಗೆ ಬೆನ್ನು ತಾಗಿಸಿದರೆ ಬಾಣಲೆಗೆ ತಾಗಿದಂತಾಗುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ಹೋದವರು ಸಂಜೆ ಬರುವಾಗ ಬೆವರು ಒಣಗಿ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆಗಳಿರುತ್ತಿದ್ದವು. ಅಮ್ಮ ಅದನ್ನು ನೆನೆಸುವ ಮೊದಲು ಬೆರಳಿನಿಂದ ಸವರಿ ನೋಡುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅಷ್ಟು ಆಳದಲ್ಲೂ ಲಾವಾ ಸಿಗಲಿಲ್ಲ ಮಗಳೇ. ಕಲ್ಲೇ ಇತ್ತು, ಇನ್ನೂ ಗಟ್ಟಿಯಾದ ಕಲ್ಲು.

ಶಿಡ್ಲಘಟ್ಟ ಗೂಡು · ಬೆಳಿಗ್ಗೆ 8.31

ಗಣಿ ಮುಚ್ಚಿದ್ದೇ ಲಾವಾ ಹತ್ತಿರ ಬಂತೆಂದು ಎಂದು ನಮ್ಮ ಕಡೆ ಹೇಳುತ್ತಾರಲ್ಲ?

ಚಾಂಪಿಯನ್ ರೀಫ್ಸ್ ಮನೆ · ಬೆಳಿಗ್ಗೆ 8.40

ದಯವಿಟ್ಟು ಆ ಮಾತನ್ನು ಹರಡಬೇಡಿ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿದಿತ್ತು, ಅಷ್ಟು ಆಳದಿಂದ ತೆಗೆಯುವ ಖರ್ಚು ಏರಿತ್ತು. ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಅದನ್ನು ಕಂಡವರ ಮುಂದೆ ಲಾವಾದ ಕಥೆ ಹೇಳಿದರೆ ನೋವಾಗುತ್ತದೆ.

ಬಂಡೆ ಮೇಷ್ಟ್ರು, ತುಮಕೂರು · ಬೆಳಿಗ್ಗೆ 9.20

ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಮೊದಲು ಬಿಸಿಯ ವಿಷಯ, ಏಕೆಂದರೆ ಅದರ ಲೆಕ್ಕಕ್ಕೆ ಬೇಕಾದದ್ದನ್ನು ಕೆಜಿಎಫ್‌ನವರು ಆಗಲೇ ಕೊಟ್ಟಿದ್ದಾರೆ.

ನಮ್ಮ ನೆಲದ ಮೇಲ್ಭಾಗ ಸರಾಸರಿ 25 ಡಿಗ್ರಿ ಎಂದುಕೊಳ್ಳೋಣ. 3.2 ಕಿ.ಮೀ. ಇಳಿದರೆ ಸುಮಾರು 65. ಅಂದರೆ ಒಂದು ಕಿಲೋಮೀಟರಿಗೆ ಏರುವುದು ಹನ್ನೆರಡು ಡಿಗ್ರಿ ಚಿಲ್ಲರೆ. 1,450 ಅಡಿ ಎಂದರೆ 442 ಮೀಟರ್. ಅಲ್ಲಿಗೆ ಐದಾರು ಡಿಗ್ರಿ ಮಾತ್ರ ಹೆಚ್ಚು. ಅಂಗೈ ಸುಡುವಷ್ಟು ಬಿಸಿ ಅದರಿಂದ ಬರುವುದಿಲ್ಲ. ಆ ಪುಡಿ ಬಿಸಿಯಾದದ್ದು ಹ್ಯಾಮರ್ ಏಟಿಗೆ, ಬಿಟ್ ಉಜ್ಜಿದ್ದಕ್ಕೆ ಮತ್ತು ಕಂಪ್ರೆಸರ್ ಗಾಳಿಗೆ. ಆದರೆ ಆಳದ ಬಾವಿಯ ನೀರು ಚಳಿಗಾಲದ ಬೆಳಿಗ್ಗೆ ಉಗುರುಬೆಚ್ಚಗೆ ಬರುತ್ತದಲ್ಲ, ಅದು ಭೂಮಿಯ ಬಿಸಿಯೇ.

ಲೋಕದ ಬಹಳಷ್ಟು ಕಡೆ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುತ್ತದೆ. ನಮ್ಮಲ್ಲಿ ಕಡಿಮೆ. ಈ ನೆಲ ಅಷ್ಟು ಹಳೆಯದು, ಅಷ್ಟು ತಣ್ಣಗಾಗಿದೆ. ಅಲ್ಲಿ 30 ಡಿಗ್ರಿಯ ಲೆಕ್ಕ ನಡೆಯುತ್ತಿದ್ದರೆ 3.2 ಕಿ.ಮೀ. ಆಳದಲ್ಲಿ ನೂರು ಡಿಗ್ರಿ ಮೀರುತ್ತಿತ್ತು, ಯಾರೂ ಇಳಿಯುತ್ತಿರಲಿಲ್ಲ.

ಶಿಡ್ಲಘಟ್ಟ ಗೂಡು · ಬೆಳಿಗ್ಗೆ 9.34

ಸರ್, ಇಲ್ಲಿ ಕಲ್ಲು ದಪ್ಪ ಇರಬಹುದು. ಆದರೆ ಅದರ ಕೆಳಗೆ ಎಲ್ಲೆಡೆ ಕರಗಿದ ಲಾವಾದ ಸಮುದ್ರವೇ ಇದೆ, ಅದರ ಮೇಲೆ ಖಂಡಗಳು ದೋಣಿಯಂತೆ ತೇಲುತ್ತವೆ. ನಮಗೆ ಹಾಗೆಯೇ ಕಲಿಸಿದ್ದಾರೆ. ಚಿತ್ರದಲ್ಲೂ ಮ್ಯಾಂಟಲ್‌ಗೆ ಕೆಂಪು ಬಣ್ಣವೇ ಇರುತ್ತದೆ.

ಬಂಡೆ ಮೇಷ್ಟ್ರು, ತುಮಕೂರು · ಬೆಳಿಗ್ಗೆ 9.52

ಆ ಕೆಂಪು ಬಣ್ಣ ಎಷ್ಟು ತಲೆಮಾರುಗಳನ್ನು ದಾರಿ ತಪ್ಪಿಸಿದೆಯೋ! ಮೂವತ್ತು ವರ್ಷ ನಾನು ತರಗತಿಯಲ್ಲಿ ಹೋರಾಡಿದ್ದು ಅದರ ಜೊತೆಗೇ.

ಮ್ಯಾಂಟಲ್ ಗಟ್ಟಿ ಬಂಡೆ. ನಮ್ಮ ಕಾಲಿನ ಕೆಳಗೆ ಸುಮಾರು 35 ಕಿ.ಮೀ. ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಭೂಕವಚ. ಅಲ್ಲಿಂದ 2,900 ಕಿ.ಮೀ. ಆಳದವರೆಗೆ ಮ್ಯಾಂಟಲ್. ಅದು ಕಬ್ಬಿಣ, ಮೆಗ್ನೀಸಿಯಂ ಹೆಚ್ಚಿರುವ ಕಲ್ಲು. ಕೆಲವೇ ಕಡೆ, ಸ್ವಲ್ಪ ಭಾಗ ಮಾತ್ರ ಕರಗಿ ಶಿಲಾಪಾಕವಾಗಿ ಮೇಲೇರುತ್ತದೆ. ನಿಜವಾದ ದ್ರವವಿರುವುದು ಅದಕ್ಕೂ ಕೆಳಗೆ, ಹೊರ ಕೇಂದ್ರಗೋಳದಲ್ಲಿ. ಅದೂ ಕಲ್ಲಿನ ದ್ರವವಲ್ಲ, ಕರಗಿದ ಲೋಹ.

ಶಿಡ್ಲಘಟ್ಟ ಗೂಡು · ಬೆಳಿಗ್ಗೆ 10.05

ಗಟ್ಟಿ ಎನ್ನುತ್ತೀರಿ, ಖಂಡಗಳು ಚಲಿಸುತ್ತವೆ ಎಂದೂ ಹೇಳುತ್ತೀರಿ. ಎರಡೂ ಹೇಗೆ ಕೂಡುತ್ತವೆ? ಗೋಡೆಯೊಳಗೆ ಎತ್ತಿನ ಗಾಡಿ ಓಡುತ್ತದೆಯೇ?

ಬಂಡೆ ಮೇಷ್ಟ್ರು, ತುಮಕೂರು · ಬೆಳಿಗ್ಗೆ 10.30

ಒಳ್ಳೆಯ ಪಟ್ಟು ಹಿಡಿದಿದ್ದೀರಿ. ರಸ್ತೆ ಕೆಲಸದ ಡಾಂಬರು ನೋಡಿದ್ದೀರಲ್ಲ? ಬೆಳಗಿನ ತಂಪಿನಲ್ಲಿ ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಚೂರಾಗುತ್ತದೆ. ಅದೇ ಡಾಂಬರಿನ ಪೀಪಾಯಿಯನ್ನು ಓರೆಯಾಗಿ ಮಲಗಿಸಿ ತಿಂಗಳುಗಟ್ಟಲೆ ಬಿಡಿ, ಬಾಯಿಂದ ನಾಲಗೆ ಚಾಚಿದಂತೆ ಇಳಿದಿರುತ್ತದೆ. ಏಟಿಗೆ ಗಟ್ಟಿ, ಕಾಲಕ್ಕೆ ಮೆತು. ಮ್ಯಾಂಟಲ್ ವರ್ತಿಸುವುದು ಹಾಗೆ, ಅದರ ಚಲನೆ ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಭಾರತದ ಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಅದು ಏಷ್ಯಾಕ್ಕೆ ತಗುಲಿತು, ಆ ತಳ್ಳಾಟದಲ್ಲಿ ಹಿಮಾಲಯ ಎದ್ದಿತು.

ಮುಳಬಾಗಿಲು ರಾಗಿ · ಬೆಳಿಗ್ಗೆ 10.41

ಮೇಷ್ಟ್ರೇ, ಡಾಂಬರಿನ ಮಾತು ಅವಳಿಗೆ ಹಿಡಿಸಿತು. ಆದರೆ "ಗಟ್ಟಿ ಎಂದು ಗೊತ್ತಾದದ್ದು ಹೇಗೆ, ಅದನ್ನೇ ಹೇಳುತ್ತಿಲ್ಲ" ಎಂದು ನನ್ನ ತೋಳು ಜಗ್ಗುತ್ತಿದ್ದಾಳೆ.

ತಿಪಟೂರು ಕೊಬ್ಬರಿ · ಬೆಳಿಗ್ಗೆ 11.02

ಮೇಷ್ಟ್ರು ಹೇಳುವ ಮೊದಲು ನಾನೊಂದು ಮಾತು ಸೇರಿಸುತ್ತೇನೆ. ನನಗೆ ಭೂವಿಜ್ಞಾನ ಗೊತ್ತಿಲ್ಲ, ಉಂಡೆ ಕೊಬ್ಬರಿ ಗೊತ್ತು. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತೇವೆ. ಒಳಗೆ ನೀರು ಇಂಗಿ, ಕೊಬ್ಬರಿ ಒಣಗಿ ಚಿಪ್ಪು ಬಿಡಬೇಕು. ಒಡೆದು ನೋಡಿದರೆ ಆ ಕಾಯಿ ಹಾಳು. ಹಾಗಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ನೀರಿದ್ದರೆ ಒಂದು ಸದ್ದು. ನೀರು ಇಂಗಿ ಕೊಬ್ಬರಿ ಇನ್ನೂ ಅಂಟಿಕೊಂಡಿದ್ದರೆ ಸದ್ದೇ ಇಲ್ಲ. ಬಿಟ್ಟುಕೊಂಡಿದ್ದರೆ ಉಂಡೆ ಒಳಗೆ ಲೊಟಲೊಟ ಎಂದು ಬಡಿಯುತ್ತದೆ. ನಮ್ಮ ತಾಯಿ ನೂರು ಕಾಯಿಯನ್ನು ಅಲ್ಲಾಡಿಸಿ ನೂರನ್ನೂ ಸರಿಯಾಗಿ ಬೇರೆ ಮಾಡುತ್ತಿದ್ದರು. ಒಂದನ್ನೂ ಒಡೆಯುತ್ತಿರಲಿಲ್ಲ.

ಭೂಮಿಯನ್ನೂ ಹೀಗೇ ಅಲ್ಲಾಡಿಸಿ ಕೇಳುತ್ತಾರೆಯೇ?

ಮಾಲೂರು ಉಳಿ · ಬೆಳಿಗ್ಗೆ 11.10

ಶಿವಾರಪಟ್ಟಣದ ಶಿಲ್ಪಿಗಳೂ ಅದನ್ನೇ ಮಾಡುತ್ತಾರೆ. ಕಲ್ಲನ್ನು ತಟ್ಟಿ ಕೇಳಿಯೇ ಆರಿಸುವುದು. ಗಂಟೆಯಂತೆ ಮೊಳಗಿದರೆ ಗಂಡು ಶಿಲೆ, ಮೂರ್ತಿಗೆ ಆಗುತ್ತದೆ. ಮಂಕಾಗಿ ಸದ್ದು ಸತ್ತರೆ ಒಳಗೆ ಎಲ್ಲೋ ಬಿರುಕಿದೆ ಎಂದರ್ಥ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಗುತ್ತದೆ.

ಬಂಡೆ ಮೇಷ್ಟ್ರು, ತುಮಕೂರು · ಮಧ್ಯಾಹ್ನ 12.15

ಇಬ್ಬರೂ ನನ್ನ ಅರ್ಧ ಪಾಠ ಮಾಡಿಬಿಟ್ಟಿದ್ದೀರಿ. ಹೌದು, ಅಲ್ಲಾಡಿಸಿ ಕೇಳುತ್ತಾರೆ. ಆದರೆ ಅಲ್ಲಾಡಿಸುವ ಕೈ ನಮ್ಮದಲ್ಲ, ಭೂಕಂಪದ್ದು. ದೊಡ್ಡ ಭೂಕಂಪವಾದಾಗ ಅಲೆಗಳು ಭೂಮಿಯ ಹೊಟ್ಟೆಯನ್ನು ಹಾದು ಇನ್ನೊಂದು ಕಡೆ ಹೊರಬರುತ್ತವೆ. ಎಷ್ಟು ಹೊತ್ತಿಗೆ ಬಂದವು, ಯಾವುದು ಬಂತು, ಯಾವುದು ಬರಲಿಲ್ಲ ಎನ್ನುವುದನ್ನು ಜಗತ್ತಿನ ಎಲ್ಲ ಮಾಪನ ಕೇಂದ್ರಗಳಲ್ಲಿ ಬರೆದಿಡುತ್ತಾರೆ.

ಮಗು, ಎರಡು ಬಗೆಯ ಅಲೆಗಳಿವೆ. ಪ್ರಾಥಮಿಕ ಅಲೆ ಮುಂದಕ್ಕೆ ನೂಕುತ್ತಾ ಸಾಗುತ್ತದೆ. ರೈಲಿನ ಎಂಜಿನ್ ತಗುಲಿದಾಗ ಒಂದು ಡಬ್ಬಿ ಮುಂದಿನದನ್ನು, ಅದು ಅದರ ಮುಂದಿನದನ್ನು ದಬ್ಬುತ್ತದಲ್ಲ, ಹಾಗೆ. ಅದು ಕಲ್ಲು, ನೀರು, ಗಾಳಿ ಎಲ್ಲವನ್ನೂ ದಾಟುತ್ತದೆ. ದ್ವಿತೀಯ ಅಲೆ ಅಡ್ಡಡ್ಡ ಅಲುಗುತ್ತದೆ. ಬಾವಿಯ ಹಗ್ಗವನ್ನು ಪಕ್ಕಕ್ಕೆ ಒಮ್ಮೆ ಕೊಡವಿ ನೋಡು, ಅಲೆ ಹಗ್ಗದುದ್ದಕ್ಕೂ ಓಡುತ್ತದೆ. ನೀರನ್ನು ಹಾಗೆ ಪಕ್ಕಕ್ಕೆ ಕೊಡವಲು ಬರುವುದಿಲ್ಲ, ಅದು ಜಾರಿಕೊಳ್ಳುತ್ತದೆ. ಆದ್ದರಿಂದ ದ್ವಿತೀಯ ಅಲೆ ದ್ರವವನ್ನು ದಾಟಲಾರದು.

ಈಗ ನಿನ್ನ ಪ್ರಶ್ನೆಗೆ ಉತ್ತರ. ದ್ವಿತೀಯ ಅಲೆಗಳು ಮ್ಯಾಂಟಲ್ ದಾಟಿ ಬರುತ್ತವೆ. ಹಾಗಾಗಿ ಮ್ಯಾಂಟಲ್ ಗಟ್ಟಿ. 2,900 ಕಿ.ಮೀ. ಆಳಕ್ಕೆ ಹೋದವು ಮಾತ್ರ ಅಲ್ಲಿಯೇ ಸತ್ತುಹೋಗುತ್ತವೆ. ಹಾಗಾಗಿ ಅಲ್ಲಿ ದ್ರವವಿದೆ.

ಇದರಲ್ಲಿ ನಮ್ಮ ದೇಶದ ಪಾಲೂ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಓಲ್ಡ್‌ಹ್ಯಾಮ್ 1897ರ ಅಸ್ಸಾಂ ಭೂಕಂಪದ ದಾಖಲೆಗಳಲ್ಲಿ ಈ ಎರಡು ಅಲೆಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು. 1906ರಲ್ಲಿ, ಭೂಮಿಗೆ ಒಂದು ಕೇಂದ್ರಗೋಳವಿದೆ ಎಂದು ಅಲೆಗಳ ಆಧಾರದಿಂದಲೇ ತೋರಿಸಿದರು. 1909ರಲ್ಲಿ ಮೊಹೊರೊವಿಚಿಚ್ ಭೂಕವಚ ಎಲ್ಲಿ ಮುಗಿಯುತ್ತದೆ ಎಂದು ಕಂಡುಹಿಡಿದರು. ಹೊರ ಕೇಂದ್ರಗೋಳ ದ್ರವವೆಂದು 1926ರಲ್ಲಿ ಜೆಫ್ರೀಸ್ ವಾದಿಸಿದರು.

ನನಗೆ ಬಹಳ ಪ್ರಿಯವಾದವರು ಡೆನ್ಮಾರ್ಕಿನ ಇಂಗೆ ಲೇಮನ್. 1929ರಲ್ಲಿ ನ್ಯೂಜಿಲೆಂಡ್‌ನಲ್ಲಿ ಆದ ಭೂಕಂಪದ ದಾಖಲೆಗಳಲ್ಲಿ, ಬರಬಾರದ ಜಾಗಕ್ಕೆ ಸಣ್ಣ ಅಲೆಗಳು ಬಂದಿದ್ದವು. ಉಳಿದವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇವರು ಬಿಡಲಿಲ್ಲ. ದ್ರವದ ಒಳಗೆ ಇನ್ನೊಂದು ಗೋಳವಿದ್ದರೆ ಮಾತ್ರ ಅಲೆಗಳು ಹೀಗೆ ತಿರುಗಿ ಬರಲು ಸಾಧ್ಯ ಎಂದು 1936ರಲ್ಲಿ ಬರೆದರು. ಭೂಕಂಪದ ವಿವರಗಳನ್ನು ಚೀಟಿಗಳಲ್ಲಿ ಬರೆದು ಓಟ್ಸ್‌ನ ಖಾಲಿ ರಟ್ಟಿನ ಡಬ್ಬಿಗಳಲ್ಲಿ ಜೋಡಿಸಿಟ್ಟುಕೊಂಡು, ತೋಟದ ಮೇಜಿನ ಮುಂದೆ ಕುಳಿತು ಲೆಕ್ಕ ಹಾಕುತ್ತಿದ್ದರಂತೆ. ನಿನ್ನ ಪುಡಿಯ ಡಬ್ಬಿಗಳ ಬಗ್ಗೆ ಓದಿದಾಗ ನನಗೆ ಅವರೇ ನೆನಪಾದರು.

ಗುಡಿಬಂಡೆ · ಮಧ್ಯಾಹ್ನ 12.33

ಅಲೆಯಿಂದ ದ್ರವ ಎಂದು ತಿಳಿಯಿತು, ಒಪ್ಪಿದೆ. ಕಬ್ಬಿಣ ಎಂದು ಹೇಗೆ? ಮಗುವಿನ ಪ್ರಶ್ನೆ ಅದಾಗಿತ್ತು.

ಬಂಡೆ ಮೇಷ್ಟ್ರು, ತುಮಕೂರು · ಮಧ್ಯಾಹ್ನ 12.50

ತೂಕದಿಂದ. ನಮ್ಮ ಬೆಟ್ಟದ ಕಲ್ಲು ಅದೇ ಗಾತ್ರದ ನೀರಿಗಿಂತ ಸುಮಾರು 2.7 ಪಟ್ಟು ಭಾರ. ಇಡೀ ಭೂಮಿ ನೀರಿಗಿಂತ 5.5 ಪಟ್ಟು ಭಾರ. ಇದನ್ನು 1798ರಷ್ಟು ಹಿಂದೆಯೇ ಕ್ಯಾವೆಂಡಿಷ್ ಸೀಸದ ಗುಂಡುಗಳ ನಡುವಿನ ಸೆಳೆತ ಅಳೆದು ಬಹುಮಟ್ಟಿಗೆ ಸರಿಯಾಗಿ ಹೇಳಿದ್ದರು. ಮೂಟೆಯ ಮೇಲೆಲ್ಲ ಹೊಟ್ಟೇ ಇದ್ದು ಮೂಟೆ ಮಾತ್ರ ಎತ್ತಲಾರದಷ್ಟು ಭಾರವಿದ್ದರೆ ಒಳಗೆ ಬೇರೇನೋ ಇದೆ ತಾನೇ? ಅಷ್ಟು ಭಾರವಾದ, ವಿಶ್ವದಲ್ಲಿ ಧಾರಾಳವಾಗಿ ಸಿಗುವ ವಸ್ತು ಕಬ್ಬಿಣ. ಆಕಾಶದಿಂದ ಬೀಳುವ ಉಲ್ಕೆಗಳಲ್ಲಿ ಕೆಲವು ಕಬ್ಬಿಣ-ನಿಕ್ಕಲ್‌ನವೇ. ಭೂಮಿಗೆ ಕಾಂತಶಕ್ತಿ ಬರಬೇಕಾದರೂ ಒಳಗೆ ಹರಿದಾಡುವ ಲೋಹ ಬೇಕು. ಅಲೆಗಳ ವೇಗವೂ ಅದಕ್ಕೇ ಹೊಂದುತ್ತದೆ. ನಾಲ್ಕು ಸಾಕ್ಷಿಗಳು ಒಂದೇ ಮಾತು ಹೇಳುತ್ತಿವೆ.

ಶಿಡ್ಲಘಟ್ಟ ಗೂಡು · ಮಧ್ಯಾಹ್ನ 1.05

ತೂಕದ ಮಾತು ಒಪ್ಪಿದೆ ಸರ್. ಲಾವಾ ಸಮುದ್ರವನ್ನು ಕೈಬಿಟ್ಟೆ. ಆದರೆ ಒಂದು ಅನುಮಾನ ಉಳಿದಿದೆ. ಒಳಗೆ ಹೋದಷ್ಟೂ ಬಿಸಿ ಎನ್ನುವಾಗ, ಹೊರ ಗೋಳ ಕರಗಿ ನಡುವಿನ ಗೋಳ ಗಟ್ಟಿಯಾಗಿರುವುದು ಹೇಗೆ?

ಚಾಂಪಿಯನ್ ರೀಫ್ಸ್ ಮನೆ · ಮಧ್ಯಾಹ್ನ 1.40

ಒತ್ತಡ ಎಂದರೆ ಏನೆಂದು ನಮ್ಮ ಊರಿನವರಿಗೆ ಗೊತ್ತು. 3.2 ಕಿ.ಮೀ. ಕಲ್ಲಿನ ಭಾರ ಹೊರುವ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ 850 ಕೆ.ಜಿ.ಯಷ್ಟು ತೂಕ ಕೂರುತ್ತದೆ. ಉಗುರಿನಷ್ಟು ಜಾಗದ ಮೇಲೆ ಎರಡು ಎಮ್ಮೆ ನಿಂತಂತೆ. ಅಲ್ಲಿ ಸುರಂಗ ಕೊರೆದು ಕಲ್ಲನ್ನು ತೆಗೆದಾಗ, ಆ ಭಾರವೆಲ್ಲ ಪಕ್ಕದ ಗೋಡೆಯ ಮೇಲೆ ಬೀಳುತ್ತದೆ. ತಾಳುವಷ್ಟು ತಾಳಿ ಗೋಡೆ ಸಿಡಿಯುತ್ತದೆ. ಅದನ್ನು ರಾಕ್ ಬರ್ಸ್ಟ್ ಎನ್ನುತ್ತಿದ್ದರು. ಮೇಲೆ ಕಾಲೊನಿಯಲ್ಲಿ ನಮ್ಮ ಮನೆಯ ಪಾತ್ರೆಗಳು ಗೂಡಿನಿಂದ ಉರುಳುತ್ತಿದ್ದವು. ಪಾತ್ರೆ ಬಿದ್ದ ಸದ್ದಿಗೆ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು. ಯಾರೂ ಮಾತನಾಡುತ್ತಿರಲಿಲ್ಲ. ಆ ಪಾಳಿಯಲ್ಲಿ ಯಾರ ಮನೆಯವರು ಇಳಿದಿದ್ದಾರೆ ಎಂದು ಎಲ್ಲರಿಗೂ ಗೊತ್ತಿರುತ್ತಿತ್ತು.

ಬಂಡೆ ಮೇಷ್ಟ್ರು, ತುಮಕೂರು · ಮಧ್ಯಾಹ್ನ 1.58

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಭೂಮಿಯ ನಡುವಿನಲ್ಲಿ ಒತ್ತಡ ನಮ್ಮ ಮೇಲಿನ ಗಾಳಿಯ ಒತ್ತಡದ ಸುಮಾರು 36 ಲಕ್ಷ ಪಟ್ಟು. 5,000 ಡಿಗ್ರಿ ದಾಟಿದ ಬಿಸಿಯಿದ್ದರೂ ಕಬ್ಬಿಣಕ್ಕೆ ಕರಗಲು ಜಾಗವೇ ಇಲ್ಲ. ಅದುಮಿ ಹಿಡಿದ ಹಾಗೆ.

ಚಿಂತಾಮಣಿ ಟೊಮೇಟೊ · ಮಧ್ಯಾಹ್ನ 2.20

ಪಾತ್ರೆ ಉರುಳಿದ ಮಾತು ಬಂತು, ಕೇಳುತ್ತೇನೆ. 2021ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಭೂಮಿ ನಡುಗಿತಲ್ಲ, ಅದು ನಾವು ಸಾವಿರಾರು ಅಡಿ ಕೊರೆದು ನೆಲವನ್ನು ಜರಡಿ ಮಾಡಿದ್ದಕ್ಕೇ ಅಲ್ಲವೇ? ನಮ್ಮ ಅಜ್ಜಿ ಹಾಗೆಯೇ ಹೇಳುತ್ತಾರೆ.

ಬಾಗೇಪಲ್ಲಿ ಹುಣಸೆ · ಮಧ್ಯಾಹ್ನ 2.34

ಜರಡಿಯಾದರೆ ಕುಸಿಯಬೇಕು, ನಡುಗುವುದೇಕೆ? ಆರೂವರೆ ಇಂಚಿನ ತೂತಿಗೆ ಬೆಟ್ಟ ನಡುಗುವುದಿಲ್ಲ. ಕ್ವಾರಿ ಸಿಡಿಮದ್ದೇ ಕಾರಣ.

ಬಂಡೆ ಮೇಷ್ಟ್ರು, ತುಮಕೂರು · ಮಧ್ಯಾಹ್ನ 3.05

ಎರಡೂ ಅಲ್ಲ. ಅವು 3ರ ಆಸುಪಾಸಿನ ತೀವ್ರತೆಯ ನಿಜವಾದ ಕಂಪನಗಳು. ಆ ವರ್ಷ ಮಳೆ ಹೇಗೆ ಸುರಿಯಿತು ನೆನಪಿದೆಯೇ? ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ಒಣಗಿದ್ದ ಬಿರುಕುಗಳಿಗೆ ನೀರು ಇಳಿದು ಒತ್ತಡ ಏರಿದಾಗ ಹಳೆಯ ಬಿರುಕಿನ ಎರಡು ದಡಗಳು ಸ್ವಲ್ಪ ಜಾರುತ್ತವೆ. ಅಂದು ವಿಜ್ಞಾನಿಗಳು ಕೊಟ್ಟ ವಿವರಣೆಯೂ ಇದೇ.

ಹೆದರುವ ಮೊದಲು ಅಳತೆ ತಿಳಿಯಿರಿ. ತೀವ್ರತೆ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು. 3ಕ್ಕೂ 6ಕ್ಕೂ ನಡುವೆ ಮೂವತ್ತು ಸಾವಿರ ಪಟ್ಟಿಗೂ ಮೀರಿದ ಅಂತರ. ಹಾಗೆಂದು ಹಳೆಯ ಗಟ್ಟಿ ನೆಲದಲ್ಲಿ ಭೂಕಂಪವೇ ಆಗದು ಎಂದು ಎದೆ ತಟ್ಟಿ ಹೇಳಬೇಡಿ. 1967ರ ಕೊಯ್ನಾ, 1993ರ ಲಾತೂರ್ ಎರಡೂ ಆದದ್ದು ಅಂಥ ನೆಲದಲ್ಲೇ.

ಚಿಂತಾಮಣಿ ಟೊಮೇಟೊ · ಮಧ್ಯಾಹ್ನ 3.12

ಅಜ್ಜಿಗೆ ಓದಿ ಹೇಳಿದೆ. "ನೀರು ಒಳಗೆ ಹೋದರೆ ಭೂಮಿ ಮೈ ಮುರಿಯಿತು ಅನ್ನು" ಎಂದರು. ಸರಿಯೇ ತಾನೇ?

ಬಂಡೆ ಮೇಷ್ಟ್ರು, ತುಮಕೂರು · ಮಧ್ಯಾಹ್ನ 3.15

ಪೂರ್ತಿ ಸರಿ. ಅಜ್ಜಿಯವರಿಗೆ ನಮಸ್ಕಾರ ತಿಳಿಸಿ.

ಕೋಲಾರ ಸಂಪಿಗೆ · ಮಧ್ಯಾಹ್ನ 3.40

ಬಿರುಕಿನಲ್ಲಿ ನೀರು ಎಂದಿರಿ. ಹಾಗಾದರೆ ಅಂತರಗಂಗೆ? ಶತಶೃಂಗ ಬೆಟ್ಟದ ಮೇಲೆ ಬೇಸಿಗೆಯಲ್ಲೂ ಬಸವನ ಬಾಯಿಂದ ನೀರು ಬರುತ್ತದೆ. ಕೆಳಗೆ ಸಾವಿರ ಅಡಿಗೆ ಇಲ್ಲದ ನೀರು ಬೆಟ್ಟದ ಮೇಲೆ ಹೇಗೆ? ನಮ್ಮ ಮನೆಯಲ್ಲಿ ಅದು ಕಾಶಿಯಿಂದ ಬರುವ ನೀರು ಎಂದೇ ನಂಬಿ ಕೈಮುಗಿಯುತ್ತೇವೆ.

ಮಾಲೂರು ಉಳಿ · ಮಧ್ಯಾಹ್ನ 3.55

ಅಕ್ಕ, ಕೈಮುಗಿಯುವುದು ಸರಿ, ಕಾಶಿಯಿಂದ ಬರಬೇಕಾಗಿಲ್ಲ. ಆ ಬೆಟ್ಟದ ಮೇಲೆ ದೈತ್ಯ ಗುಂಡುಗಳು, ಅವುಗಳ ನಡುವೆ ಗವಿಗಳು, ಒಡೆದ ಕಲ್ಲಿನ ಸಂದುಗಳು ಎಷ್ಟಿವೆ ನೋಡಿದ್ದೀರಲ್ಲ. ಮಳೆ ಅದರೊಳಗೆ ಇಳಿದು, ಕೆಳಗೆ ಬಿರುಕಿಲ್ಲದ ಬಂಡೆ ಸಿಕ್ಕಲ್ಲಿ ಪಕ್ಕಕ್ಕೆ ತಿರುಗಿ, ತಿಂಗಳುಗಟ್ಟಲೆ ನಿಧಾನವಾಗಿ ಜಿನುಗುತ್ತದೆ. ದೇವರಾಯನದುರ್ಗದ ನಾಮದ ಚಿಲುಮೆಯೂ ಕಲ್ಲಿನ ಸಂದಿನಿಂದಲೇ ಬರುವುದು.

ಕೋಲಾರ ಸಂಪಿಗೆ · ಸಂಜೆ 4.10

ನಮ್ಮ ಬೆಟ್ಟದ ಮಳೆಯೇ ಎಂದಾದರೆ ಆ ಬೆಟ್ಟವನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ ಎಂದಾಯಿತು. ಆದರೂ ನಾನು ಗಂಗೆ ಎಂದೇ ಕರೆಯುತ್ತೇನೆ.

ಬಾಗೇಪಲ್ಲಿ ಹುಣಸೆ · ಸಂಜೆ 4.22

ಕೊರೆಸಿದವರ ನಿಜವಾದ ಕಷ್ಟಕ್ಕೆ ಯಾರೂ ಉತ್ತರ ಕೊಡಲಿಲ್ಲ. 900 ಅಡಿಯಲ್ಲಿ ಬಂದ ಕಪ್ಪು ಪುಡಿ ಏನು?

ಮಾಲೂರು ಉಳಿ · ಸಂಜೆ 4.45

ನೋಡದೆ ಆಣೆ ಇಟ್ಟು ಹೇಳಲಾರೆ. ಆದರೆ ಕರಿಕಲ್ಲಿನ ಪಟ್ಟಿ ಇರಬೇಕು. ನಮ್ಮ ಕಡೆಯ ಹೊಲಗಳಲ್ಲಿ ಕರಿಗುಂಡುಗಳು ಒಂದೇ ಗೆರೆಯಲ್ಲಿ ಸಾಲಾಗಿ ಬಿದ್ದಿರುತ್ತವೆ. ಸುತ್ತಲಿನ ಕಲ್ಲು ಬೂದು, ಈ ಗೆರೆ ಮಾತ್ರ ಕಪ್ಪು. ಮಾರುಕಟ್ಟೆಯಲ್ಲಿ ಇದನ್ನೇ ಕಪ್ಪು ಗ್ರಾನೈಟ್ ಎಂದು ಮಾರುತ್ತಾರೆ.

ಬಂಡೆ ಮೇಷ್ಟ್ರು, ತುಮಕೂರು · ಸಂಜೆ 5.10

ಆ ಹೆಸರು ತಪ್ಪು. ಅದು ಗ್ರಾನೈಟ್ ಅಲ್ಲ, ಡಾಲರೈಟ್. ಬಹಳ ಹಿಂದೆ ಬೂದು ಬಂಡೆ ಬಿರಿದಾಗ ಆಳದಿಂದ ಶಿಲಾಪಾಕ ಆ ಬಿರುಕಿಗೆ ನುಗ್ಗಿ ಗೋಡೆಯಂತೆ ಹೆಪ್ಪುಗಟ್ಟಿದ್ದು. ಮಗು ಹುಡುಕುತ್ತಿದ್ದ ಲಾವಾದ ಬಂಧುವೇ ಅವಳ ಡಬ್ಬಿಯಲ್ಲಿರಬಹುದು, ಕೋಟ್ಯಂತರ ವರ್ಷಗಳ ಹಿಂದೆ ತಣ್ಣಗಾದದ್ದು. ಕರಿಕಲ್ಲು ಮತ್ತು ಬೂದುಕಲ್ಲು ತಾಗುವ ಅಂಚಿನಲ್ಲಿ ಬಿರುಕು ಹೆಚ್ಚು. ಅಲ್ಲಿ ಹಸಿ ಕಂಡದ್ದು ಆಶ್ಚರ್ಯವಲ್ಲ.

ಬೂದುಕಲ್ಲು ನೈಸ್ ಇರಬೇಕು. ಬಿಳಿ-ಕಪ್ಪು ಪಟ್ಟೆಗಳು ಹೊಸೆದುಕೊಂಡಂಥ ರೂಪಾಂತರ ಶಿಲೆ. ಬೆಂಗಳೂರಿಗೆ ಹೋದಾಗ ಲಾಲ್‌ಬಾಗ್‌ನ ಬಂಡೆಯನ್ನು ತೋರಿಸಿ. ಅದೂ ಇದೇ ಕುಲದ್ದು, ವಯಸ್ಸು ಸುಮಾರು 300 ಕೋಟಿ ವರ್ಷ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಈ ಕಲ್ಲಿನ ಕಣಗಳ ನಡುವೆ ನೀರಿಗೆ ಜಾಗವಿಲ್ಲ. ನೀರಿರುವುದು ಮೇಲಿನ ಕಳಿತ ಪದರದಲ್ಲಿ ಮತ್ತು ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಭಾರಕ್ಕೆ ಬಿರುಕುಗಳು ಬಿಗಿಯುತ್ತವೆ. ನಾಲ್ಕನೆಯದನ್ನು 2,000 ಅಡಿ ಕೊರೆಸಿ ಎಂದು ಯಾರಾದರೂ ಹೇಳಿದರೆ, ದಯವಿಟ್ಟು, ಮಗಳ ಡಬ್ಬಿಗಳನ್ನು ಅವರ ಮುಂದೆ ಇಟ್ಟು ಮಾತನಾಡಿ.

ಮಗುವಿಗೆ ಒಂದು ಕೆಲಸ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಕಪ್ಪು ಪುಡಿಯಲ್ಲಿ ಆಡಿಸಲಿ. ಡಾಲರೈಟ್ ಆದರೆ ಅದರಲ್ಲಿರುವ ಮ್ಯಾಗ್ನೆಟೈಟ್ ಅಂಟುತ್ತದೆ.

ರಿಗ್ ಕ್ಯಾಬಿನ್ · ಸಂಜೆ 5.26

ಹತ್ತು ವರ್ಷ ರಿಗ್‌ನಲ್ಲಿ ದುಡಿದಿದ್ದೇನೆ. ಒಂದು ತಿದ್ದುಪಡಿ: ಬಿಟ್ ಸವೆದ ಉಕ್ಕಿನ ಚೂರೂ ಪುಡಿಯಲ್ಲಿ ಇರುತ್ತದೆ, ಅದೂ ಅಂಟುತ್ತದೆ. ಕಪ್ಪು ಒಂದನ್ನೇ ನೋಡಿದರೆ ಮೋಸವಾಗುತ್ತದೆ.

ಬಂಡೆ ಮೇಷ್ಟ್ರು, ತುಮಕೂರು · ಸಂಜೆ 5.31

ಸರಿಯಾದ ಮಾತು, ನನಗೆ ಹೊಳೆದಿರಲಿಲ್ಲ. ಒಂದೊಂದು ಚಮಚ ಅಳೆದು ಬೂದು ಪುಡಿಗೂ ಕಪ್ಪು ಪುಡಿಗೂ ಮಾಡಿ ಹೋಲಿಸಲಿ. ಉಕ್ಕು ಎರಡರಲ್ಲೂ ಇರುತ್ತದೆ.

ಮಧುಗಿರಿ ದಾಳಿಂಬೆ · ಸಂಜೆ 6.00

ಅಳತೆಯ ಮಾತು ಬಂದಿದೆ, ಮಗುವಿಗೆ ನನ್ನದೊಂದು ಲೆಕ್ಕ. ಅಂಗಳದಲ್ಲಿ ಮೊಳೆ ನೆಟ್ಟು, ಅರ್ಧ ಮೀಟರ್ ದಾರ ಕಟ್ಟಿ ರಂಗೋಲಿ ಪುಡಿಯಿಂದ ವೃತ್ತ ಎಳೆ. ಅದು ಭೂಮಿ. ಅಂಚಿನಿಂದ ಒಳಕ್ಕೆ 22.7 ಸೆಂ.ಮೀ. ಬಂದರೆ ಮ್ಯಾಂಟಲ್ ಮುಗಿಯಿತು, ಇನ್ನೊಂದು ವೃತ್ತ. ಮೊಳೆಯಿಂದ 9.6 ಸೆಂ.ಮೀ. ದೂರಕ್ಕೆ ಮತ್ತೊಂದು, ಅದು ಲೇಮನ್ ಕಂಡ ಒಳ ಗೋಳ. ಭೂಕವಚಕ್ಕೆ ಬೇರೆ ಗೆರೆ ಬೇಡ. 35 ಕಿ.ಮೀ. ಎಂದರೆ ಇಲ್ಲಿ ಮೂರು ಮಿಲಿಮೀಟರಿಗೂ ಕಡಿಮೆ. ಹೊರಗಿನ ರಂಗೋಲಿ ಗೆರೆಯ ದಪ್ಪವೇ ಅದಕ್ಕಿಂತ ಹೆಚ್ಚು. ರಷ್ಯಾದ ಕೋಲಾದಲ್ಲಿ 1989ರಲ್ಲಿ 12,262 ಮೀಟರ್ ಮುಟ್ಟಿದ ತೂತು ಇಲ್ಲಿ ಒಂದು ಮಿಲಿಮೀಟರ್. ಕೆಜಿಎಫ್ ಗಣಿ ಕಾಲು ಮಿಲಿಮೀಟರ್.

ಚಾಂಪಿಯನ್ ರೀಫ್ಸ್ ಮನೆ · ಸಂಜೆ 6.12

ಕಾಲು ಮಿಲಿಮೀಟರ್! ಅಪ್ಪ ಇಳಿದು ಹತ್ತಲು ಎಷ್ಟು ಹೊತ್ತು ಬೇಕಾಗುತ್ತಿತ್ತು ಎಂದು ಯೋಚಿಸುತ್ತಾ ಕುಳಿತೆ.

ಮುಳಬಾಗಿಲಿನವರೇ, ನಮ್ಮ ಊರಿನ ಕಲ್ಲು ನಿಮ್ಮದಲ್ಲ. ಇಲ್ಲಿಯದು ಸುಮಾರು 270 ಕೋಟಿ ವರ್ಷದ ಹಿಂದೆ ನೀರಿನಡಿ ಹರಿದ ಲಾವಾ. ನೀರು ತಾಗಿ ದಿಂಬು ದಿಂಬಾಗಿ ಗಟ್ಟಿಯಾದದ್ದು ಈಗಲೂ ಕೆಲವು ಕಡೆ ಕಾಣುತ್ತದೆ. ಆಮೇಲೆ ಬಿಸಿನೀರು ಅದರ ಬಿರುಕುಗಳಲ್ಲಿ ಹರಿದು ಬೆಣಚುಕಲ್ಲನ್ನೂ ಚಿನ್ನವನ್ನೂ ಬಿಟ್ಟುಹೋಯಿತು. ಮಗಳಿಗೆ ಕರಿಯ ಕಲ್ಲಿನ ಒಂದು ಚೂರು, ಬೆಣಚಿನ ಒಂದು ಚೂರು ಎತ್ತಿಟ್ಟಿದ್ದೇನೆ.

ಮುಳಬಾಗಿಲು ರಾಗಿ · ರಾತ್ರಿ 8.50

ಎಲ್ಲರ ಉತ್ತರವನ್ನೂ ಅವಳು ಎರಡೆರಡು ಸಲ ಓದಿಸಿಕೊಂಡಳು. ಸಂಜೆ ಅಂಗಳ ಸಾರಿಸಿ ವೃತ್ತ ಎಳೆದಳು. ಮೂರು ಸಲ ಅಳಿಸಿ ಎಳೆದಳು, ಗೆರೆ ತೆಳ್ಳಗಾಗಲಿಲ್ಲ. ನಮ್ಮ ಕೊಳವೆಬಾವಿ ಎಷ್ಟು ಎಂದು ಲೆಕ್ಕ ಹಾಕಿ, ತಲೆಕೂದಲೊಂದನ್ನು ಕಿತ್ತು ಗೆರೆಯ ಪಕ್ಕದಲ್ಲಿಟ್ಟು, "ಇದರ ಅರ್ಧ ಅಮ್ಮ" ಎಂದಳು. ಅಷ್ಟಕ್ಕೆ ನಾವು ಒಂದು ರಾತ್ರಿ, ಒಂದು ಹಗಲು ನಿದ್ದೆಗೆಟ್ಟಿದ್ದೆವು.

ಅಯಸ್ಕಾಂತದ ಫಲಿತಾಂಶ: ಬೂದು ಪುಡಿಯಲ್ಲಿ ನಾಲ್ಕೈದು ಎಳೆಯಷ್ಟು ಅಂಟಿತು. ಕಪ್ಪು ಪುಡಿಯಲ್ಲಿ ಕಾಗದವೇ ಕಾಣದಂತೆ ಮೀಸೆ ಮೀಸೆಯಾಗಿ ಎದ್ದು ನಿಂತಿತು. ಬೂದು ಪುಡಿಯನ್ನು ತಟ್ಟೆಯಲ್ಲಿ ತೊಳೆದಾಗ ಕಾಗೆಬಂಗಾರದ ಚೂರುಗಳು ಹೊಳೆದವು. ಎರಡನ್ನೂ ಬೇರೆ ಕಾಗದದಲ್ಲಿ ಮಡಿಸಿ ಇಟ್ಟಿದ್ದಾಳೆ. ನಾಲ್ಕನೆಯ ಬಾವಿ ಕೊರೆಸುವುದಿಲ್ಲ ಎಂದು ನಾನೂ ನಮ್ಮವರೂ ಇವತ್ತು ಮಾತನಾಡಿಕೊಂಡೆವು. ಮಾವನವರ ಕಾಲದ ತೆರೆದ ಬಾವಿಯ ಹೂಳು ತೆಗೆಸಿ, ಹೊಲದ ಮಳೆನೀರನ್ನು ಅದಕ್ಕೆ ತಿರುಗಿಸುತ್ತೇವೆ.

ಕೆಜಿಎಫ್‌ನ ಅಣ್ಣ, ಆ ಎರಡು ಚೂರು ಇರಲಿ. ಬರುವ ಶನಿವಾರ ಬರುತ್ತೇವೆ. ಅವಳು ಒಂದು ಡಬ್ಬಿ ಖಾಲಿ ಮಾಡಿ ಇಟ್ಟುಕೊಂಡಿದ್ದಾಳೆ.

ಚಾಂಪಿಯನ್ ರೀಫ್ಸ್ ಮನೆ · ರಾತ್ರಿ 9.05

ಖಂಡಿತ ಬನ್ನಿ ತಾಯಿ. ರಾಬರ್ಟ್‌ಸನ್‌ಪೇಟೆ ಬಸ್ ನಿಲ್ದಾಣದಲ್ಲಿ ಹತ್ತು ಗಂಟೆಗೆ ಕಾಯುತ್ತೇನೆ. ಅವಳ ಕಪ್ಪು ಪುಡಿಯನ್ನೂ ತರಲಿ, ಅಪ್ಪ ನೋಡಬೇಕಂತೆ.